ಮುರಿದ ಸರಪಳಿಯ ಕೊಂಡಿ

"ಆ ಕಬ್ಬಿಣ ತೊಟ್ಟಿಲ ಕೆಳಗೆ ಬ್ಯಾಡ ತಾಯಿ. ನನ್ನ ಕುಡುಗೋಲು ಇಡು," ಎಂದಳು ಸೂಲಗಿತ್ತಿ ಹಾಲಮ್ಮ.

ಬಾಣಂತಿ ಜಗದಾಂಬಾ ನಕ್ಕಳು. "ಮಗೂಗೆ ಗಾಳಿ ಸೋಕದೇ ಇರೋಕೆ ಕಬ್ಬಿಣ ಬೇಕು ಅಂದೋಳು ನೀನೇ. ಇದೂ ಕಬ್ಬಿಣಾನೇ ಅಲ್ವೇನೇ ಮಾರಾಯ್ತಿ?"

ಅದು ಅಂಗೈಯಗಲದ, ಒಂದು ಕಡೆ ಸೀಳಿದ ಸರಪಳಿಯ ಕೊಂಡಿ. ಯುದ್ಧ ಶುರುವಾಯಿತೆಂದು ತನ್ನ ಊರಿಗೆ ಹೊರಟ ಕಬ್ಬಿಣದ ಕಾರ್ಖಾನೆಯ ಇಂಗ್ಲಿಷ್ ಎಂಜಿನಿಯರ್, ಅಲ್ಲೇ ಕೆಲಸಕ್ಕಿದ್ದ ಅವಳ ಗಂಡ ಶಿವಯೋಗಪ್ಪನಿಗೆ ಕೊಟ್ಟು ಹೋಗಿದ್ದ. ಮೈಸೂರಿನಲ್ಲಿ ಬಿ.ಎ. ಮುಗಿಸಿ ಭದ್ರಾವತಿಗೆ ಸೊಸೆಯಾಗಿ ಬಂದಿದ್ದ ಜಗದಾಂಬಾ ಆ ಸರಪಳಿಯ ಚರಿತ್ರೆ ಓದಿದ್ದಳು. ಇನ್ನೂರೈವತ್ತು ವರ್ಷಕ್ಕೂ ಹಿಂದೆ, ಡಚ್ಚರ ಹಡಗುಗಳು ನುಗ್ಗದಂತೆ ಇಂಗ್ಲಿಷರು ತಮ್ಮ ನಾಡಿನ ಹೊಳೆಗೆ ಅಡ್ಡಲಾಗಿ ಸರಪಳಿ ಬಿಗಿದಿದ್ದರು. ಡಚ್ಚರು ಅದನ್ನು ಮುರಿದು ಒಳಗೆ ಬಂದು, ಲಂಗರು ಹಾಕಿ ನಿಂತಿದ್ದ ಹಡಗುಗಳನ್ನು ಸುಟ್ಟರು. ಅಲ್ಲಿ ಸತ್ತವರ ಹೆಂಡಿರು ಈ ಕೊಂಡಿಗೆ ತಮ್ಮ ಕೂದಲು ಸುತ್ತಿ, 'ನಮ್ಮವರನ್ನು ಕಾಯದ ನೀನು ಇನ್ನು ಯಾರನ್ನೂ ಕಾಯಬೇಡ' ಎಂದು ಮಾಟ ಮಾಡಿದರೆಂಬುದು ಎಂಜಿನಿಯರ್ ಹೇಳಿದ ಕತೆ. ಸೀಳಿನೊಳಗೆ ಕರಿಯ ಕೂದಲೆಳೆಯೊಂದು ಸಿಕ್ಕಿಕೊಂಡೇ ಇತ್ತು.

"ಮುರಿದ ಬೇಲಿ ಗೂಟ ತಂದು ಹೊಲ ಕಾಯಿ ಅಂದ್ರೆ ಕಾಯ್ತದಾ?" ಹಾಲಮ್ಮನ ದನಿ ಇಳಿದಿತ್ತು. "ಹೆಂಗಸರ ಹೊಟ್ಟೆ ಉರಿದದ್ದು ಆರಾಕಿಲ್ಲ ತಾಯಿ."

"ಸಮುದ್ರದಾಚೆ ಸತ್ತೋರಿಗೆ ಭದ್ರಾವತಿ ದಾರಿ ಗೊತ್ತಾ?" ಎಂದು ಜಗದಾಂಬಾ ಕೊಂಡಿಯನ್ನು ತೊಟ್ಟಿಲ ಕೆಳಗೆ ತಳ್ಳಿದಳು.

ಬಾಣಂತಿಕೋಣೆಗೆ ಹಗಲಲ್ಲೂ ಬೆಳಕಿರಲಿಲ್ಲ. ಕಿಟಕಿಗೆ ಕಂಬಳಿ, ಮೂಲೆಯಲ್ಲಿ ಕೆಂಡ, ಸಾಂಬ್ರಾಣಿಯ ಹೊಗೆ. ಮಾರನೆಯ ಮಧ್ಯಾಹ್ನ ಆ ಹೊಗೆಯೊಳಗೆ ಬೇರೆ ವಾಸನೆ ಬಂತು. ಡಾಂಬರು. ಉಪ್ಪುನೀರು. ಸುಟ್ಟ ಕೂದಲು. ತೊಟ್ಟಿಲ ಕೆಳಗೆ ಸರಪಳಿ ಎಳೆದ ಸದ್ದು. ಆಮೇಲೆ ನೀರಿಗೆ ದೋಣಿಯ ಹುಟ್ಟು ಬಿದ್ದ ಸದ್ದು. ಹತ್ತಿರ. ಇನ್ನೂ ಹತ್ತಿರ. ಮೂಲೆಯ ಕೆಂಡ ಅಲುಗಲಿಲ್ಲ, ಕಿಡಿ ಹಾರಲಿಲ್ಲ. ಕಂಬಳಿ ಉರಿಯಿತು. ಸೂರು ಉರಿಯಿತು. ಜಗದಾಂಬಾ ಮಗುವನ್ನು ಎತ್ತಿಕೊಂಡಳು. ಬಾಗಿಲು ಸಿಗಲಿಲ್ಲ.

ಊಟಕ್ಕೆ ಬಂದ ಶಿವಯೋಗಪ್ಪ ಬಾಗಿಲು ಒದ್ದ. "ಜಗದಾ, ಈ ಕಡೆ! ಕೈ ಕೊಡು!" ಇಬ್ಬರನ್ನೂ ಹೊರಗೆ ತಳ್ಳಿದ.

ತೊಲೆ ಅವನ ಮೇಲೆ ಬಿತ್ತು.

ಬೂದಿ ಆರಿದ ಮೇಲೆ ಹಾಲಮ್ಮ ಕೊಂಡಿಯನ್ನು ಕೋಲಿನಿಂದ ಈಚೆಗೆಳೆದಳು. ಅದು ಒದ್ದೆಯಾಗಿತ್ತು. ಕೂದಲೆಳೆ ಸುಟ್ಟಿರಲಿಲ್ಲ.

"ಹೊಳೆಗೆ ಹಾಕಿ ಬರ್ತೀನಿ."

"ಕೊಡಿಲ್ಲಿ." ಜಗದಾಂಬಾ ತನ್ನ ಜಡೆಯಿಂದ ಒಂದೆಳೆ ಕಿತ್ತು, ಆ ಎಳೆಯ ಪಕ್ಕಕ್ಕೆ ಸುತ್ತಿದಳು. "ನನ್ನವರನ್ನು ಕಾಯದ ನೀನು, ಇನ್ನು..."

ಹಾಲಮ್ಮ ಅವಳ ಬಾಯಿ ಮುಚ್ಚಿದಳು. "ಬ್ಯಾಡ ತಾಯಿ. ತೊಡೆ ಮ್ಯಾಲೆ ಮಗ ಐತೆ."

ಮಗು ನಿದ್ದೆಯಲ್ಲಿ ತಾಯಿಯ ಬೆರಳು ಹಿಡಿದಿತ್ತು. ಜಗದಾಂಬಾ ಉಳಿದ ಮಾತನ್ನು ನುಂಗಿದಳು. ಅದಕ್ಕೆ ಸಮುದ್ರದ ಉಪ್ಪಿನ ರುಚಿಯಿತ್ತು.