ನೀಲಿ ಕಾರಿನ ಮೇಲೆ ಹಲಸಿನ ಮೇಣ

“ಉಜ್ಬೇಡಿ. ಮೊದ್ಲು ಕೈ ತೆಗೀರಿ.”

ಹೆಣ್ಣು ನೋಡಲು ಬಂದವನು ತನ್ನೊಡನೆ ಆಡುವ ಮೊದಲ ಮಾತು ಇದಾಗಬಹುದೆಂದು ದಾಕ್ಷಾಯಣಿ ಎಣಿಸಿರಲಿಲ್ಲ. ಮಾತಿಗಿಂತ ಮೊದಲೇ ಅವನ ಕೈ ಅವಳ ಮಣಿಕಟ್ಟನ್ನು ಹಿಡಿದಿತ್ತು.

ಗುಬ್ಬಿಯ ಅವರ ಮನೆಯಂಗಳದ ಹಲಸಿನ ಮರದಡಿ ಕುಣಿಗಲ್ಲಿನಿಂದ ಬಂದ ನೀಲಿ ಕಾರು ನಿಂತಿತ್ತು. ಒಳಗೆ ಹಿರಿಯರ ಮಾತು ಆಗಷ್ಟೇ ಕುದುರುತ್ತಿದ್ದಾಗ, ಹೊರಗೆ ಕೋತಿಗಳು ಮರದಲ್ಲೇ ಹಣ್ಣೊಂದನ್ನು ಬಗೆದು ಸಿಪ್ಪೆ, ನಾರು, ಮೇಣವನ್ನೆಲ್ಲ ಬಾನೆಟ್ಟಿನ ಮೇಲೆ ಕೆಡವಿದ್ದವು. ಅಡುಗೆಮನೆಯ ಕಿಟಕಿಯಿಂದ ಅದನ್ನು ಕಂಡ ದಾಕ್ಷಾಯಣಿ, ಬಂದವರ ಕಣ್ಣಿಗೆ ಬೀಳುವ ಮೊದಲೇ ಒರೆಸಿಬಿಡೋಣವೆಂದು ಪಾತ್ರೆ ತಿಕ್ಕುವ ತೆಂಗಿನ ನಾರು ಹಿಡಿದು ಓಡಿದ್ದಳು.

ಎರಡು ಸಲ ಉಜ್ಜಿಯೂ ಆಗಿತ್ತು.

ಅಜ್ಜಿ ಸಿದ್ದಗಂಗಮ್ಮ ಸೀಮೆಎಣ್ಣೆಯ ಡಬ್ಬಿ ಹಿಡಿದು ಬಂದಾಗ, ಹೆಣ್ಣು ನೋಡಲು ಬಂದಿದ್ದ ಸಿದ್ದಾರ್ಥ ಅದನ್ನೂ ಅವರ ಕೈಯಿಂದ ತೆಗೆದು ದೂರ ಇಟ್ಟ. ಬಿಸಿಲೇರಿದರೆ ಮೇಣ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ, ಈಗಲೇ ಹೊರಡಬೇಕು ಎಂದು ಒಳಗೆ ಹೋಗಿ ತಿಳಿಸಿದ. ಜೊತೆಗೆ ಬಂದಿದ್ದ ಚಿಕ್ಕಪ್ಪ ಮುಜುಗರದಿಂದಲೇ ಎದ್ದರು.

ತಟ್ಟೆಗಳಲ್ಲಿ ಕೇಸರಿಬಾತು ಹಾಗೆಯೇ ಉಳಿಯಿತು.

ಹೆಣ್ಣಿನ ಮನೆಯ ಸಿಹಿಯನ್ನು ಮುಟ್ಟದೆ ಎದ್ದರೆ ಅರ್ಥ ಒಂದೇ. ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಯಾರೂ ಬಿಡಿಸಿ ಕೇಳುವುದೂ ಇಲ್ಲ. ಸೋದರಮಾವ ಕರಿಸಿದ್ದಪ್ಪ ಆ ಸಂಜೆಯೇ ಕುಣಿಗಲ್ಲಿಗೆ ಫೋನು ಮಾಡಿ, ನಮಗೂ ಬೇಡವೆಂದು ಮುಖ ಉಳಿಸಿಕೊಂಡ. ಬರುವ ಭಾನುವಾರ ತಿಪಟೂರಿನ ಕಡೆಯವರು ಬರುವುದೆಂದೂ ಗೊತ್ತುಮಾಡಿದ.

‘ಮನುಷ್ಯರಿಗಿಂತ ತಗಡು ಹೆಚ್ಚಾಯಿತಲ್ಲ ಇವನಿಗೆ...’

ದಾಕ್ಷಾಯಣಿ ಹೀಗೆಂದುಕೊಂಡು ಸಿಟ್ಟನ್ನು ಕಾಪಾಡಿಕೊಳ್ಳಲು ಯತ್ನಿಸಿದಳು. ಆದರೆ ಶೆಟ್ಟಿಹಳ್ಳಿಯ ಶಾಲೆಯಲ್ಲಿ ಪಾಠ ಹೇಳುವಾಗ, ಸೀಮೆಸುಣ್ಣ ಹಿಡಿದ ಬೆರಳುಗಳು ಇನ್ನೊಂದನ್ನೇ ನೆನೆಯುತ್ತಿದ್ದವು. ಕಾರು ಹತ್ತುವ ಮುನ್ನ ಅವನು ತಿರುಗಿ ನಿಂತು, “ಕೈಗೆ ಕೊಬ್ಬರಿ ಎಣ್ಣೆ ಹಚ್ಕೊಳ್ಳಿ. ಇಲ್ದಿದ್ರೆ ಮೇಣ ಬಿಡಲ್ಲ,” ಎಂದಿದ್ದ.

ತಿರಸ್ಕರಿಸಿ ಹೊರಟವನಿಗೆ ಅವಳ ಬೆರಳುಗಳ ಚಿಂತೆ ಏಕೆ?

ಮತ್ತೊಂದು ಸಂಗತಿ ಅವಳ ನಿದ್ದೆಗೆಡಿಸಿತ್ತು. ಅವನು ಕೈ ಹಿಡಿಯುವ ಮೊದಲು, ಮೇಣದ ದೊಡ್ಡ ಮುದ್ದೆಯಡಿ ನಾರು ಕರ್ರೆಂದು ಎಳೆದದ್ದು ಅವಳ ಅಂಗೈಗೆ ಗೊತ್ತಾಗಿತ್ತು. ಅಲ್ಲಿ ಗೀರು ಬಿದ್ದಿದೆ. ಅವಳು ಹೇಳಿರಲಿಲ್ಲ.

ಶನಿವಾರ ಶಾಲೆ ಬೇಗ ಬಿಟ್ಟಿತು. ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಗುಬ್ಬಿಯ ಬಸ್ಸು ಕಣ್ಣೆದುರೇ ಹೊರಟಿತು. ಅವಳು ಹತ್ತಲಿಲ್ಲ. ಕುಣಿಗಲ್ಲಿನ ಬಸ್ಸಿನಲ್ಲಿ ಕುಳಿತಾಗ ಚೀಲದಲ್ಲಿ ಒಂದು ಶೀಶೆ ಕೊಬ್ಬರಿ ಎಣ್ಣೆಯಿತ್ತು, ಎದೆಯಲ್ಲಿ ಭಯವಿತ್ತು. ನಾಳೆ ತಿಪಟೂರಿನವರು ತಟ್ಟೆ ಖಾಲಿ ಮಾಡಿದರೆ ಎಲ್ಲವೂ ಮುಗಿದಂತೆ.

ಸಿದ್ದಾರ್ಥನ ತಂದೆ ಪೇಂಟರ್ ಮಹಾಲಿಂಗಯ್ಯನವರ ಮನೆಯೆಂದರೆ ಕುಣಿಗಲ್ಲಿನಲ್ಲಿ ಯಾರಾದರೂ ದಾರಿ ತೋರಿಸುತ್ತಿದ್ದರು.

ಮನೆ ಮುಂದಿನ ತಗಡಿನ ಶೀಟಿನ ನೆರಳಲ್ಲಿ ನೀಲಿ ಕಾರು ನಿಂತಿತ್ತು. ಅವನು ವಸಂತನರಸಾಪುರದ ಕಾರ್ಖಾನೆಯ ಕೆಲಸದಿಂದ ಬಂದು ಸಂಜೆ ಸಂಜೆ ಸ್ವಲ್ಪಸ್ವಲ್ಪವೇ ಮೇಣ ಬಿಡಿಸಿದ್ದಿರಬೇಕು. ಬಾನೆಟ್ಟು ತಿಳಿಯಾಗಿತ್ತು, ಒಂದು ಮುದ್ದೆಯ ಹೊರತು. ಅವಳ ಗೀರನ್ನು ಹೊದ್ದುಕೊಂಡಿದ್ದ ಅದೇ ಮುದ್ದೆ.

ಸಿದ್ದಾರ್ಥ ಅದರ ಮೇಲೆ ಬಿಸಿನೀರಿನಲ್ಲಿ ಅದ್ದಿದ ಹತ್ತಿಬಟ್ಟೆಯನ್ನು ಹಾಸುತ್ತಿದ್ದ. ಅವಳನ್ನು ಕಂಡು ಕೈ ನಿಂತಿತು.

“ನೀವು...? ನಿಮ್ಮ ಮಾವ ಬೇಡ ಅಂದ್ರಲ್ಲ.”

“ತಿನ್ನದೆ ಎದ್ದು ಹೋದವರು ಯಾರು?”

ಅವನು ತಬ್ಬಿಬ್ಬಾದ. ತಾಯಿಯಿಲ್ಲದ ಮನೆಯಲ್ಲಿ ಅಪ್ಪ ಮಗ ಇಬ್ಬರೇ ಬೆಳೆಸಿಕೊಂಡ ಬದುಕಿನಲ್ಲಿ, ಮುಟ್ಟದ ತಟ್ಟೆ ಮಾತನಾಡುತ್ತದೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಜೊತೆಗಿದ್ದ ಚಿಕ್ಕಪ್ಪನಿಗೆ ಗೊತ್ತಿತ್ತು. ಹುಡುಗನಿಗೇ ಮನಸ್ಸಿಲ್ಲವೆಂದು ಎಣಿಸಿ ಅವರೂ ಸುಮ್ಮನಾಗಿದ್ದರು.

“ಕಾರಿನ ಮೇಲೆ ಅಷ್ಟೊಂದು ಪ್ರೀತಿಯೇ?” ಅವಳ ದನಿಯಲ್ಲಿ ಸಿಟ್ಟು ಇನ್ನೂ ಸ್ವಲ್ಪ ಉಳಿದಿತ್ತು.

ಅವನು ಜಗಲಿಯತ್ತ ನೋಡಿದ. ಅಲ್ಲಿ ಮಹಾಲಿಂಗಯ್ಯ ಕುಳಿತಿದ್ದರು. ಮಡಿಲಲ್ಲಿ ಎರಡೂ ಕೈಗಳು, ಗಾಳಿಯೇ ಇಲ್ಲದ ಹೊತ್ತಿನಲ್ಲೂ ಅಲುಗುವ ಅರಳಿಯ ಎಲೆಗಳಂತೆ, ತಮ್ಮಷ್ಟಕ್ಕೆ ನಡುಗುತ್ತಿದ್ದವು.

ಮಗ ತಗ್ಗಿದ ದನಿಯಲ್ಲಿ ಹೇಳಿದ. ಕೈ ಇನ್ನೂ ನಡುಗದೆ ನಿಲ್ಲುತ್ತಿದ್ದ ಕಾಲದಲ್ಲಿ ಅಪ್ಪ ಕೊನೆಯದಾಗಿ ಬಣ್ಣ ಹೊಡೆದದ್ದು ಈ ಕಾರಿಗೆ. ಆಮೇಲೆ ಅವರು ಸ್ಪ್ರೇ ಗನ್ ಹಿಡಿಯಲಾಗಲಿಲ್ಲ.

ದಾಕ್ಷಾಯಣಿ ಆ ಮುದ್ದೆಯತ್ತ ನೋಡಿದಳು. ಇನ್ನೊಂದು ಗಳಿಗೆಗೆ ಮೇಣ ಮೆತ್ತಗಾಗುತ್ತದೆ. ಅದು ಎದ್ದೊಡನೆ ಗೀರು ಕಾಣುತ್ತದೆ. ಈಗಲೇ ಹೊರಟುಹೋದರೆ, ಕೋತಿಯ ಉಗುರೆಂದು ಇವರು ನಂಬಿಯಾರು...

“ನಾನು ಬಿಡಿಸ್ಲಾ?” ಎಂದಳು.

ಅವನು ಜಾಗ ಬಿಟ್ಟ. ಎಣ್ಣೆ ಸವರಿ ಕಾಯಬೇಕು, ಉಗುರು ತಾಗಿಸಬಾರದು, ಉಜ್ಜಬಾರದು, ತಾನಾಗಿ ಸಡಿಲವಾದಷ್ಟನ್ನೇ ಬಟ್ಟೆಯಿಂದ ಎತ್ತಬೇಕು ಎಂದು ಹೇಳಿಕೊಟ್ಟ. ಅವಳು ತಂದ ಶೀಶೆಯ ಎಣ್ಣೆಯನ್ನೇ ಹನಿಸಿದಳು. ಮೂವರೂ ಕಾದರು. ಬಣ್ಣದ ಮೇಲೆ ಎಣ್ಣೆ ನಿಧಾನವಾಗಿ ಹರಡಿ ಮೇಣದ ಅಂಚನ್ನು ನೆನೆಸುತ್ತ ಹೋಯಿತು.

ಮುದ್ದೆ ಅಲುಗಿತು.

“ಇದರ ಕೆಳಗೆ ಗೀರಿದೆ.” ಅವಳು ತಲೆ ಎತ್ತಲಿಲ್ಲ. “ನಾನು ನಾರಲ್ಲಿ ಉಜ್ಜಿದ್ದು. ಅವತ್ತೇ ಗೊತ್ತಿತ್ತು. ಹೇಳ್ಲಿಲ್ಲ.”

ಸಿದ್ದಾರ್ಥನ ಮುಖ ಬಿಳಿಚಿತು. ಅವಳು ಬಟ್ಟೆಯನ್ನು ಎತ್ತಿದಳು. ನೀಲಿಯ ನಡುವೆ ಬೆರಳುದ್ದದ ಬಿಳಿ ಗೆರೆ.

ಜಗಲಿಯಿಂದ ಹೆಜ್ಜೆಯ ಸಪ್ಪಳ ಬಂತು. ಮಹಾಲಿಂಗಯ್ಯ ನಡುಗುವ ಬೆರಳನ್ನು ಗೆರೆಯ ಮೇಲಿಟ್ಟರು. ಮತ್ತೆ ಮತ್ತೆ ಸವರಿದರು.

“ಎಣ್ಣೆ ಒರೆಸಿ ಒಂದ್ ಹನಿ ನೀರು ಹಾಕವ್ವ ಅದುಕ್ಕೆ.”

ಅವಳು ಒರೆಸಿ, ಬೆರಳನ್ನು ನೀರಿಗದ್ದಿ ಗೆರೆಯುದ್ದಕ್ಕೂ ಎಳೆದಳು.

ಗೆರೆ ಕಾಣದಾಯಿತು. ನೀಲಿ ಮಾತ್ರ ಉಳಿಯಿತು.

“ನೀರಲ್ಲಿ ಮುಳುಗ್ತಲ್ಲ, ಹಂಗಾದ್ರೆ ಮೇಲ್ಗಡೆ ಹೊಳಪಿಗೆ ಅಷ್ಟೇ ಬಿದ್ದಿರೋದು. ಬಣ್ಣಕ್ಕೆ ತಾಗಿಲ್ಲ. ಪಾಲಿಶಲ್ಲಿ ಹೋಯ್ತದೆ,” ಎಂದ ಮುದುಕರು ಮಗನತ್ತ ತಿರುಗಿದರು. “ನೀನೇನ್ಲಾ ಹಿಂಗ್ ನಿಂತಿದೀಯ? ಹೆಣ್ಮಗಳು ಬಸ್ಸಲ್ಲಿ ಬಂದವ್ಳೆ, ಕುಡಿಯಕ್ಕೆ ನೀರು ಕೊಟ್ಯಾ? ಗುಬ್ಬಿಯೋರ್ ಮನೇಲೂ ಹಿಂಗೇ ಮಾಡಿರ್ತೀಯ, ಬುಡು.”

ಅವರು ಕಾಫಿಯ ನೆಪದಲ್ಲಿ ಒಳಗೆ ಸರಿದರು.

ನೀರು ಆರುತ್ತಿದ್ದಂತೆ ಗೆರೆ ಮತ್ತೆ ಮೂಡಿತು. ಇಬ್ಬರೂ ಅದನ್ನೇ ನೋಡುತ್ತ ನಿಂತರು. ಈಗ ಅದು ಯಾರನ್ನೂ ಹೆದರಿಸಲಿಲ್ಲ.

“ಪಾಲಿಶ್ ಮಾಡ್ತೀರಾ?”

“ಇರ್ಲಿ ಬಿಡಿ. ನಿಜ ಹೇಳಿದ್ರಲ್ಲ ನೀವು, ಅದುಕ್ಕೆ ಗುರುತಿರ್ಲಿ.” ಅವನು ಕೊನೆಗೂ ಅವಳ ಮುಖ ನೋಡಿದ. “ಅವತ್ತು ನೀವು ನಾರು ಹಿಡ್ಕೊಂಡು ಓಡಿ ಬಂದ್ರಲ್ಲ, ಆಗ್ಲೇ ನಂಗೆ ಒಪ್ಪಿಗೆಯಾಗಿತ್ತು. ಹೇಳಕ್ಕೆ ಬರ್ಲಿಲ್ಲ.”

ಅವಳ ಕಣ್ಣು ತುಂಬಿತು. ಮೇಣದ ಕೈಯಿಂದ ಒರೆಸಿಕೊಳ್ಳುವಂತೆಯೂ ಇರಲಿಲ್ಲ. ಅವನೇ ಒಣಬಟ್ಟೆಯೊಂದನ್ನು ತೆಗೆದು, ಎಣ್ಣೆ ಹನಿಸಿ, ಅವಳ ಬೆರಳುಗಳನ್ನು ಒಂದೊಂದಾಗಿ ಒರೆಸಿದ. ಉಜ್ಜಲಿಲ್ಲ.

“ನಾಳೆ ನನ್ನ ನೋಡಕ್ಕೆ ತಿಪಟೂರಿನೋರು ಬರ್ತಾರೆ,” ಎಂದಳು ಅವಳು. “ಅಜ್ಜಿ ಬೆಳಿಗ್ಗೆನೇ ಕೇಸರಿಬಾತು ಮಾಡಿರ್ತಾರೆ.”

“ಅವ್ರಿಗಿಂತ ಮುಂಚೆ ನಾನು ಬಂದು ತಿಂದ್ರೆ?”

“ತಟ್ಟೇಲಿ ಏನೂ ಉಳಿಸ್ಬಾರ್ದು.”

“ಉಳಿಸಲ್ಲ. ಕಾರು ಎಲ್ಲಿ ನಿಲ್ಲಿಸ್ಲಿ?”

ಅವಳು ತನ್ನ ಬೆರಳುಗಳನ್ನು ಅವನ ಕೈಯಿಂದ ಬಿಡಿಸಿಕೊಳ್ಳಲಿಲ್ಲ.

“ಹಲಸಿನ ಮರದ ಕೆಳಗೇ ನಿಲ್ಸಿ. ಬಿದ್ರೆ ಬೀಳ್ಲಿ, ತಿಂದಾದ್ಮೇಲೆ ಇಬ್ರೂ ಕೂತು ಬಿಡಿಸೋಣ.”