ಫಾಲ್ಗುಣದಿಂದ ತಪ್ಪಿದ ಗೆರೆ

ದೇವರ ಕೋಣೆಯ ಲಕ್ಷ್ಮಿಯ ಬುಟ್ಟಿಯಲ್ಲಿ ನಾಣ್ಯ ಇರಲಿಲ್ಲ.

ಪಿಶಿಮಾ ಬುಟ್ಟಿಯನ್ನು ಬೋರಲು ಹಾಕಿ ಕೊಡವಿದರು. ಭತ್ತ ಉದುರಿತು, ಕವಡೆ ಉದುರಿತು. ಬೆಳ್ಳಿಯ ರೂಪಾಯಿ ಮಾತ್ರ ಮಾಯ! ಅದೂ ಲಕ್ಷ್ಮೀ ಪೂಜೆಯ ದಿನವೇ. ಅವರು ಬಾಯಿ ಬಡಿದುಕೊಂಡ ಸದ್ದಿಗೆ ಓಣಿಯೇ ನೆರೆಯಿತು. ನಾನು ಠಾಣೆಯಿಂದ ಬರುವಷ್ಟರಲ್ಲಿ ಕಳ್ಳಿಯನ್ನೂ ಗೊತ್ತು ಮಾಡಿಬಿಟ್ಟಿದ್ದರು—ಆಷಾಢದಲ್ಲಿ ಕೆಲಸಕ್ಕೆ ಸೇರಿದ ಆಯಾ ಶೆಫಾಲಿ.

ನಾನು ಗೋಪೇನ್ ಹಾಜ್ರಾ, ಬರಾನಗರ ಠಾಣೆಯ ದಾರೋಗಾ. ಪೊಲೀಸರಿಗಿಂತ ಮೊದಲೇ ಕಳ್ಳರನ್ನು ಹಿಡಿದಿಡುವ ಜನರನ್ನು ಕಂಡರೆ ನನಗೆ ಮೈಯೆಲ್ಲಾ ಉರಿಯುತ್ತದೆ. ಆದರೆ ಇದು ಸಾನ್ಯಾಲ್ ಮೇಷ್ಟ್ರ ಮನೆ. ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ ದೊಡ್ಡ ಮನುಷ್ಯ, ಈಗ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾರೆ. ಅವರ ಹಳೆಯ ಶಿಷ್ಯೆ ತಪತಿ ದೀದಿ ನಮ್ಮ ಎದುರು ಮನೆಯವರು, ಕಾಲೇಜಿನಲ್ಲಿ ಅದೇ ಪಾಠ ಹೇಳುತ್ತಾರೆ. ಕೇಸು ಕಗ್ಗಂಟಾದಾಗಲೆಲ್ಲ ನಾನು ಅವರ ತಲೆ ತಿನ್ನುವುದುಂಟು. ಅಂದೂ ಜೊತೆಗೇ ಕರೆತಂದಿದ್ದೆ.

"ಬಾಯಿ ಬಿಡೇ! ಎಲ್ಲಿ ಮಾರಿದೆ?" ಪಿಶಿಮಾ ಗದರಿದರು. ಅವರು ಮೇಷ್ಟ್ರ ತಂಗಿ, ಮನೆಯ ಮಕ್ಕಳಿಗೆ ಪಿಶಿಮಾ ಅಂದರೆ ಸೋದರತ್ತೆ, ಪೂಜೆಗೆಂದು ಕೃಷ್ಣನಗರದಿಂದ ಬಂದವರು.

"ಆ ಬುಟ್ಟಿ ಮುಟ್ಟೇ ಇಲ್ಲಮ್ಮ. ನನ್ನ ಮಗಳಾಣೆ!"

ಶೆಫಾಲಿ ಪಿಶಿಮಾ ಅವರ ಕಾಲು ಹಿಡಿದಳು. ಕಳ್ಳಿ ಎಂಬ ಹೆಸರು ಅಂಟಿದರೆ ಇನ್ನು ಯಾರೂ ಅವಳನ್ನು ರೋಗಿಯ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಅವಳ ಅನ್ನವೇ ಹೋಗುತ್ತದೆ.

ಮೇಷ್ಟ್ರ ಮಗ ಪ್ರಸೂನ್ ಕಂಬಕ್ಕೆ ಒರಗಿ ನಿಂತಿದ್ದ.

"ನಾಣ್ಯ ಕೊನೆಗೆ ನೋಡಿದ್ದು ಯಾವಾಗ?" ಎಂದೆ.

"ನಿ... ನಿನ್ನೆ ಬೆಳಿಗ್ಗೆ. ದಿನಾ ನಾನೇ ಅಲ್ವಾ ಚಿಮ್ಮೋದು?"

ಅದು ಆ ಮನೆಯ ಪದ್ಧತಿ. ಮದುವೆಯಾದಂದಿನಿಂದ ಮೇಷ್ಟ್ರ ಹೆಂಡತಿ ಬಿಭಾಬತಿ ಬೆಳಿಗ್ಗೆ ದೇವರ ಕೋಣೆಯಲ್ಲಿ ನಾಣ್ಯ ಚಿಮ್ಮಿ, ತಲೆ ಬಿದ್ದರೆ "ಮೇಲೆ!" ಎಂದೂ ಹಿಂಬದಿ ಬಿದ್ದರೆ "ಕೆಳಗೆ!" ಎಂದೂ ಕೂಗುತ್ತಿದ್ದರು. ಮಲಗುವ ಕೋಣೆಯ ಗೋಡೆಯ ಮೇಲೆ ಚೌಕಗಳನ್ನೂ ಒಂದು ನಡುಗೆರೆಯನ್ನೂ ಹಾಕಿಟ್ಟು, ಮೇಷ್ಟ್ರು ಪೆನ್ಸಿಲ್ ಗೆರೆಯನ್ನು ಒಂದು ಚೌಕ ಏರಿಸುತ್ತಿದ್ದರು, ಇಲ್ಲವೇ ಇಳಿಸುತ್ತಿದ್ದರು. ಎಡಗೈ ಬಿದ್ದುಹೋದ ಮೇಲೂ ಮಂಚವನ್ನು ಗೋಡೆಗೆ ತಾಗಿಸಿಕೊಂಡು ಬಲಗೈಯಿಂದ ಎಳೆಯುತ್ತಲೇ ಇದ್ದಾರೆ. ಬಿಭಾಬತಿ ಮಾಘದಲ್ಲಿ ಶಿಲಿಗುರಿಯ ಮಗಳ ಮನೆಗೆ ಹೋದವರು ಬಿದ್ದು ಸೊಂಟ ಮುರಿದುಕೊಂಡು ಅಲ್ಲೇ ಉಳಿದಿದ್ದರು. ಅಂದಿನಿಂದ ಕೂಗುವ ಕೆಲಸ ಪ್ರಸೂನ್‌ನದು.

"ಅತ್ತಿಗೆಗೆ ಈಗ ಫೋನಿಗೆ ಬರೋಕೂ ಆಗಲ್ವಂತೆ," ಎಂದು ಪಿಶಿಮಾ ಮೂತಿ ತಿರುವಿದರು. "ಅದೇನು ಸೊಂಟವೋ!"

ತಪತಿ ದೀದಿ ಬುಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ಮೇಷ್ಟ್ರ ಕೋಣೆಗೆ ಹೋದರು. ಮೇಷ್ಟ್ರು ಕಣ್ಣು ಮುಚ್ಚಿ ಮಲಗಿದ್ದರು. ದೀದಿ ಗೋಡೆಯ ಮುಂದೆ ನಿಂತೇ ಇದ್ದರು—ನನಗೆ ಬೇಸರ ಬರುವಷ್ಟು ಹೊತ್ತು. ಹೊರಗೆ ಬಂದಾಗ ಮುಖ ಬಿಳಿಚಿಕೊಂಡಿತ್ತು.

"ಗೋಪೇನ್, ಆ ಹುಡುಗೀನ ಬಿಡು."

"ಯಾಕೆ?"

"ಮಾಘದವರೆಗಿನ ಗೆರೆ ನೋಡು. ಏರಿತು ಅಂದ್ರೆ ವರ್ಷಗಟ್ಟಲೆ ನಡುಗೆರೆಗೆ ಮರಳೇ ಇಲ್ಲ. ಎಷ್ಟೋ ಕಡೆ ಆರೇಳು ಸಲ ಒಂದೇ ಬಿದ್ದಿದೆ. ನಿಜವಾಗಿ ಚಿಮ್ಮಿದ ನಾಣ್ಯ ಅಲೆಯೋದೇ ಹಾಗೆ. ನೀರಲ್ಲಿ ಪರಾಗದ ಕಣ, ಪೇಟೇಲಿ ಷೇರಿನ ಬೆಲೆ—ಇವನ್ನೆಲ್ಲ ಲೆಕ್ಕ ಹಾಕೋದೂ ಈ ಅಲೆದಾಟದಿಂದಲೇ. ನಿನ್ನೆ ಏನು ಬಿತ್ತು ಅನ್ನೋ ನೆನಪು ನಾಣ್ಯಕ್ಕಿಲ್ಲ."

"ಸರಿ. ಆಮೇಲೆ?"

"ಫಾಲ್ಗುಣದಿಂದ ಈಚೆಗೆ? ಮೇಲೆ, ಕೆಳಗೆ, ಮೇಲೆ, ಮೇಲೆ, ಕೆಳಗೆ. ಮೂರನೇ ಸಲ ಒಂದೇ ಕಡೆ ಹೋಗಿಯೇ ಇಲ್ಲ! ಮನುಷ್ಯ ತಲೆಯಿಂದ ಹುಟ್ಟಿಸಿದರೆ ಹೀಗೇ. ಎರಡು ಸಲ 'ಮೇಲೆ' ಅಂದಮೇಲೆ ಮತ್ತೆ ಅದನ್ನೇ ಅನ್ನೋಕೆ ಬಾಯಿ ಬರಲ್ಲ. ಅನುಮಾನ ಪಟ್ಟಾರು ಅನ್ನೋ ಭಯ."

ನನಗೆ ಈಗ ಹೊಳೆಯಿತು. "ಅಂದರೆ ಫಾಲ್ಗುಣದಿಂದ ಈ ಮನೇಲಿ ನಾಣ್ಯವೇ ಇಲ್ಲ!"

"ಶೆಫಾಲಿ ಬಂದದ್ದು ಆಷಾಢದಲ್ಲಿ." ದೀದಿ ತಿರುಗಿದರು. "ಪ್ರಸೂನ್, ತೆಗೆದವನು ನೀನು. ಎಲ್ಲಿಟ್ಟೆ?"

ಅವನು ಕಂಬ ಬಿಟ್ಟು ನೆಲದ ಮೇಲೆ ಕೂತ.

"ಅಮ್ಮನ ಕೈಯಲ್ಲಿ."

ಅವನು ತನ್ನ ಖಾಲಿ ಅಂಗೈ ಬಿಡಿಸಿ ನೋಡಿಕೊಂಡ.

"ಸುದ್ದಿ ಬಂದಾಗ ನಾಣ್ಯ ಜೇಬಿಗೆ ಹಾಕ್ಕೊಂಡು ಶಿಲಿಗುರಿಗೆ ಹೋದೆ. ಚಿತೆಗೆ ಬೆಂಕಿ ಇಡೋ ಮೊದಲು ಅಂಗೈಯಲ್ಲಿಟ್ಟು ಬೆರಳು ಮಡಚಿದೆ. ಹಾಸಿಗೆ ಹಿಡಿದ ಬಾಬಾನ ಹೃದಯ ಇದನ್ನ ತಡೆಯಲ್ಲ ಅಂದಿದ್ರು ಡಾಕ್ಟರ್. ಗೊತ್ತಾಗಬಾರದು ಅಂತ ನಾನು ತಲೆ ಕೂಡ ಬೋಳಿಸಲಿಲ್ಲ ದೀದಿ."

ಪಿಶಿಮಾ ಬಾಯಿಗೆ ಸೆರಗು ತುರುಕಿಕೊಂಡರು. ನನಗೆ ಪಾಪ ಎನಿಸಿತು, ಸಿಟ್ಟೂ ಬಂತು.

"ಈ ಹೆಂಗಸನ್ನ ಕಳ್ಳಿ ಅಂತಿದ್ರಲ್ಲ, ಆಗ ನಿನ್ನ ಬಾಯಿಗೆ ಏನಾಗಿತ್ತೋ?"

"ಠಾಣೆಗೆ ಬಂದು ನಿಮಗೊಬ್ಬರಿಗೇ ಹೇಳೋಣ ಅಂತಿದ್ದೆ. ತಪ್ಪಾಯ್ತು ಶೆಫಾಲಿ."

ಶೆಫಾಲಿ ಕಣ್ಣೊರೆಸಿಕೊಂಡಳು. "ಮೊದಲೇ ಹೇಳಿದ್ರೆ ನಿಮ್ಮ ಬದಲು ನಾನೇ ಕೂಗ್ತಿದ್ದೆ ದಾದಾ."

"ಮೇಷ್ಟ್ರಿಗೆ ಮಾತ್ರ ತಿಳಿಯಬಾರದು," ಎಂದೆ. "ದೀದಿ, ನೀವ್ಯಾಕೆ ಅಳ್ತಿದ್ದೀರಿ?"

"ಸುಳ್ಳು ಗೆರೆ ಗುರುತಿಸೋದನ್ನ ನನಗೆ ಕಲಿಸಿದ್ದು ಯಾರು ಅಂದ್ಕೊಂಡೆ? ಪ್ರತಿ ವರ್ಷ ಮೊದಲ ಪಾಠವೇ ಅದು. ಅರ್ಧ ತರಗತಿ ನಾಣ್ಯ ಚಿಮ್ಮಿ ಬರೀಬೇಕು, ಅರ್ಧ ತರಗತಿ ಸುಮ್ಮನೆ ತಲೆಯಿಂದ. ಸರ್ ಒಂದೇ ನೋಟಕ್ಕೆ ಬೇರೆ ಮಾಡ್ತಿದ್ರು. ಈ ಗೆರೆ ದಿನಾ ಎಳೆದೋರು ಅವರೇ ಗೋಪೇನ್!"

ಒಳಗಿನಿಂದ ದನಿ ಬಂತು. "ಪ್ರಸೂನ್."

ನಾವೆಲ್ಲ ಬಾಗಿಲಿಗೆ ಹೋದೆವು. ಮೇಷ್ಟ್ರ ಕಣ್ಣು ತೆರೆದಿತ್ತು.

"ಫಾಲ್ಗುಣದಲ್ಲೇ ಗೊತ್ತಾಯ್ತು ಮಗಾ. ಅವಳು ಬದುಕಿದ್ದರೆ ಆ ನಾಣ್ಯಾನ ನೀನು ಮನೆಯಿಂದ ಆಚೆ ಒಯ್ತಿರಲಿಲ್ಲ."

"ಯಾಕೆ ಹೇಳ್ಲಿಲ್ಲ ಬಾಬಾ?"

"ಅಷ್ಟು ಕಷ್ಟಪಟ್ಟು ಕೂಗ್ತಿದ್ದೆಯಲ್ಲೋ. ಹೇಗೆ ನಿಲ್ಲಿಸಲಿ?" ಬಲಗೈ ಚಾಚಿ ಕೇಳಿದರು. "ನಿಮ್ಮಮ್ಮ ಕೊನೆಗೆ ನನ್ನ ಕೇಳಿದಳಾ?"

"ಕೇಳಿದಳಂತೆ. ಅಕ್ಕ ಹೇಳಿದ್ಲು." ಪ್ರಸೂನ್ ಮಂಚದ ಅಂಚಿಗೆ ತಲೆಯಿಟ್ಟ. "'ಅವರ ಊಟ ಆಯ್ತಾ' ಅಂದಳಂತೆ."

"ಆಯ್ತು ಅಂತ ಯಾರಾದ್ರೂ ಹೇಳಿದ್ರೇನೋ ಅವಳಿಗೆ?" ಎಂದರು ಮೇಷ್ಟ್ರು. ಅವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಜೋರಾಗಿ ಅತ್ತರು.