ವೆಂಕಪ್ಪನ ಗಡಿಯಾರದ ಎಳೆ

“ಹೊರಗಿಂದ ಎಷ್ಟರ ನೋಡ್ರಿ. ಹಿಂದಿನ ಮುಚ್ಚಳ ಮಾತ್ರ ತೆಗೀಬ್ಯಾಡ್ರಿ, ಒಳಗ ಮಾಟ ಐತಿ,” ಎಂದಳು ಮನೆಯೊಡತಿ ಮುದುಕಿ ಮಲಕಮ್ಮ. ಗಡಿಯಾರವನ್ನು ಕೈಯಿಂದ ಮುಟ್ಟದೆ, ಅದನ್ನು ಹುಗಿದಿಟ್ಟಿದ್ದ ಉಪ್ಪಿನ ಕುಡಿಕೆಯನ್ನೇ ಮುಂದಕ್ಕೆ ಸರಿಸಿದಳು.

ಅರ್ಜುಮಂದ ನಕ್ಕಳು. ಕಲಬುರಗಿಯ ತೌಫೀಕ್ ಚಾಚಾನ ಅಂಗಡಿಯಲ್ಲಿ ಹನ್ನೆರಡು ವರ್ಷಗಳಿಂದ ಹಳೆಯ ಗಡಿಯಾರಗಳನ್ನು ಗುರುತಿಸಿ ಬೆಲೆ ಕಟ್ಟುತ್ತಿದ್ದವಳು ಆಕೆ. ಮಲಕಮ್ಮನ ಊರಾದ ಕೆಂಭಾವಿಗೆ ಬಂದದ್ದು ಇದೇ ಮೊದಲು.

“ಒಳಗ ನೋಡ್ದ ಬೆಲಿ ಹೆಂಗ ಹೇಳ್ಲಿರಿ ಅಮ್ಮಾ? ಮಾಟಕ್ಕ ಅಂಜಿದ್ರ ನನ್ನ ಹೊಟ್ಟಿ ನಡೀತದೇನು?”

ಕಿಟಕಿಯಿಲ್ಲದ ಒಳಕೋಣೆ. ಜೋಳದ ಚೀಲಗಳ ಧೂಳುವಾಸನೆ. ಹೊರಗೆ ನಡುಮಧ್ಯಾಹ್ನದ ಸಂತೆಯ ಗದ್ದಲ. ಮೊಬೈಲಿನ ಬೆಳಕಿನಲ್ಲಿ ಆಕೆ ಉಪ್ಪು ಒರೆಸಿ ನೋಡಿದಳು. ಅಂಗೈಯಗಲದ ಜೇಬುಗಡಿಯಾರ. ಮುಖದ ಮೇಲೆ ಯಾವ ಕಂಪನಿಯ ಹೆಸರೂ ಇಲ್ಲ, ಅಂಕಿಗಳಷ್ಟೇ. ಬೆಳಕನ್ನು ಇನ್ನಷ್ಟು ಹತ್ತಿರ ಹಿಡಿದಳು. ಸ್ವಿಟ್ಜರ್ಲೆಂಡಿನ ಗಡಿಯಾರ ಶಾಲೆಗಳಲ್ಲಿ ಹುಡುಗರು ಪಾಸಾಗಲು ಒಂದೊಂದೇ ಗಾಲಿ ಕೊರೆದು ಕೈಯಾರೆ ಕಟ್ಟುತ್ತಿದ್ದ ಗಡಿಯಾರವಿದು. ಇದುವರೆಗೆ ಚಿತ್ರದಲ್ಲಷ್ಟೇ ಕಂಡಿದ್ದಳು. ಒಳಗೆ ಶಾಲೆಯ ಮುದ್ರೆ, ಹುಡುಗನ ಹೆಸರು ಸಿಕ್ಕರೆ ಅದರ ಬೆಲೆಗೆ ಎಣೆಯಿಲ್ಲ. “ಕಟ್ಟಿದವನ ಹೆಸರು ಒಳಗ ಇರ್ತದ, ಅಮ್ಮಾ,” ಎಂದಳು.

“ಹೆಸರು ನಾನ ಹೇಳ್ತೀನಿ,” ಎಂದಳು ಮಲಕಮ್ಮ. “ವೆಂಕಪ್ಪ. ನಮ್ಮ ಮನಿಯವರ ಮುತ್ತ್ಯಾ, ಅವರಪ್ಪನ ಅಪ್ಪ. ನಿಜಾಮನ ಕಾಲದಾಗ ಸ್ವಿಟ್ಜರ್ಲೆಂಡಿಗೆ ಹೋಗಿ ಗಡಿಯಾರ ಕಟ್ಟೂದು ಕಲ್ತು ಬಂದಾನ. ಬರೂದ್ರಾಗ ಕಟ್ಟಿಕೊಂಡ ಹೆಂಡ್ತಿ ಮೌನಮ್ಮನ್ನ ಮರ್ತಿದ್ದ. ಆಕಿ ತನ್ನ ತಲಿಗೂದಲ ಕಿತ್ತು, ಮಂತ್ರ ಹಾಕ್ಸಿ ಇದ್ರಾಗ ಇಡಿಸ್ಯಾಳ. ‘ಇದನ್ನ ತೆಗೆದ ಕೈ ಒಂದ ಗಳಿಗಿ ಸುಮ್ನ ಇರಬಾರ್ದು’ ಅಂದಾಳ.”

ಅಷ್ಟರಲ್ಲಿ ಅರ್ಜುಮಂದ ಮುಚ್ಚಳದ ಅಂಚಿಗೆ ಚಾಕುವಿನ ಮೊನೆ ಒತ್ತಿಯಾಗಿತ್ತು. ಟಕ್ ಎಂದಿತು.

ಕೊಬ್ಬರಿ ಎಣ್ಣೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಈಗಷ್ಟೇ ಹಚ್ಚಿ ಬಾಚಿದ ತಲೆಯ ವಾಸನೆ. ಮುದ್ರೆಯಿತ್ತು, ವೆಂಕಪ್ಪನ ಹೆಸರಿತ್ತು. ಅದರ ಕೆಳಗೆ, ಆಡುವ ಗಾಲಿಯ ನಡುವೆ ಇರಬೇಕಾದ ಉಕ್ಕಿನ ಸುರುಳಿ ಇರಲಿಲ್ಲ. ಅಲ್ಲಿ ಕಪ್ಪು ಕೂದಲೊಂದು ಸುತ್ತಿಕೊಂಡಿತ್ತು.

ಕೂದಲಿನಿಂದ ಗಡಿಯಾರ ನಡೆಯದು. ಅದು ಆಕೆಗೆ ಗೊತ್ತು. ಚಿಮಟದಿಂದ ಎಳೆದಳು. ಗೇಣುದ್ದ ಬಂತು. ಮೊಳದುದ್ದ ಬಂತು. ಮುಗಿಯಲಿಲ್ಲ. ಸಂತೆಯ ಸದ್ದು ನಿಂತಿತ್ತು. ಯಾವಾಗ ನಿಂತಿತೋ ತಿಳಿಯದು. ಕೀಲಿ ಕೊಡದ ಗಾಲಿ ಆಡಿತು. ಟಿಕ್. ಟಿಕ್. ಎಳೆ ಬೆರಳಿಗೆ ಸುತ್ತಿತು. ಬಿಗಿಯಿತು. ತೊಗಲಿನೊಳಗೆ ಇಳಿಯಿತು. ರಕ್ತ ಬರಲಿಲ್ಲ. ಗಾಯವೂ ಇಲ್ಲ. ಬಲಗೈ ಮಾತ್ರ ಆಡತೊಡಗಿತು. ಟಿಕ್. ಟಿಕ್. ಗಡಿಯಾರದ ಲಯಕ್ಕೆ ಸರಿಯಾಗಿ.

ಎಡಗೈಯಿಂದ ಒತ್ತಿ ಹಿಡಿದಳು. ನಿಲ್ಲಲಿಲ್ಲ.

“ನಮ್ಮ ಮನಿಯವರೂ ತೆಗೆದಿದ್ರು,” ಎಂದಳು ಮಲಕಮ್ಮ. “ಇನ್ನೊಬ್ಬರು ಮುಚ್ಚಳ ತೆಗೆದ್ರ ಮೊದಲಿನವ್ರ ಕೈ ನಿಲ್ತೈತಿ. ಅವರು ಯಾರ ಕೈಗೂ ಕೊಡ್ಲಿಲ್ಲ. ಮಣ್ಣಿಗೆ ಒಯ್ಯಾಗನೂ ಬೆರಳು ಆಡಾಕತ್ತಿದ್ವು. ಅದನ್ನ ಇಲ್ಲೇ ಇಟ್ಟು ಹೋಗ್ರಿ ತಂಗಿ.”

ಅರ್ಜುಮಂದ ಮುಚ್ಚಳ ಅದುಮಿ, ಗಡಿಯಾರವನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. ಮುದುಕಿ ತಡೆಯಲಿಲ್ಲ. ಬರಿದಾದ ಉಪ್ಪಿನ ಕುಡಿಕೆಯನ್ನು ಮೂಲೆಗೆ ಸರಿಸಿದಳು.

ಶಹಾಪುರದ ಬಸ್ ನಿಲ್ದಾಣದಲ್ಲಿ ಚಹಾ ಮೈಮೇಲೆ ಚೆಲ್ಲಿತು. ಯಾದಗಿರಿಯ ಡಾಕ್ಟರು ನರದ ಗುಳಿಗೆ ಬರೆದರು. ಆರು ದಿನ ನಿದ್ದೆಯಿಲ್ಲ. ಕೈಯನ್ನು ದುಪಟ್ಟಾದಲ್ಲಿ ಕಟ್ಟಿ ಮಂಚದ ಪಟ್ಟಿಗೆ ಬಿಗಿದಳು, ಮಂಚವೇ ಗಡಗಡಿಸಿತು. ಊಟ, ನಮಾಜು, ಚಿಮಟ ಹಿಡಿಯುವ ಕೆಲಸ, ಒಂದೂ ಸಾಗಲಿಲ್ಲ.

ಏಳನೆಯ ದಿನ ಅಂಗಡಿಗೆ ಹೋಗಿ ಗಡಿಯಾರವನ್ನು ತೌಫೀಕ್ ಚಾಚಾನ ಮುಂದಿಟ್ಟಳು. ಅಪ್ಪ ಸತ್ತ ವರ್ಷ ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಿಮಟ ಹಿಡಿಯುವುದನ್ನು ಕಲಿಸಿದವನು ಆತ. ಮುದುಕ ಭೂತಗನ್ನಡಿಯನ್ನು ಕಣ್ಣಿಗೇರಿಸಿಕೊಂಡ. ಮುಖ ಅರಳಿತು.

“ಶಾಲಿ ಹುಡುಗನ ಕೆಲಸ, ಬೇಟಾ. ಒಳಗ ನೋಡಿದಿ?”

ಬಲಗೈ ದುಪಟ್ಟಾದೊಳಗೆ ಬಡಿದುಕೊಳ್ಳುತ್ತಿತ್ತು. ಹೇಳಬೇಕೆಂದು ಬಾಯಿ ತೆರೆದಳು.

“ಇಲ್ಲ ಚಾಚಾ,” ಎಂದಳು. “ನೀವ ತೆಗೀರಿ.”

ಟಕ್ ಎಂದಿತು. ಬೀದಿಯ ಆಟೋಗಳ ಸದ್ದು ಅಡಗಿತು. ದುಪಟ್ಟಾದೊಳಗಿನ ಕೈ ಕಲ್ಲಿನಂತೆ ನಿಂತಿತು.

ಆತನ ಚಿಮಟ ಮೇಜಿನ ಗಾಜಿಗೆ ಪಟಪಟನೆ ಬಡಿಯತೊಡಗಿತು. “ಅರ್ಜೂ, ನನ್ನ ಕೈ ಸ್ವಲ್ಪ ಹಿಡಿ ಬೇಟಾ. ಏನೋ ಆಗಾಕತ್ತದ.”

ಅರ್ಜುಮಂದ ತನ್ನ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.